ಕಾವಲು ಮತ್ತು ವಿಮಾನಪಥ: ಕೂಡ್ಲಿಗಿ–ಹರಪನಹಳ್ಳಿ ಸೀಮೆಯ ನೆರೆಯಲ್ಲಿರುವ ಒಂದು ಸೇನಾನೆಲದ ಪೂರ್ವವೃತ್ತಾಂತ

೧

ಭಾರತೀಯ ವಾಯುಸೇನೆಯು ೧೯೩೨ನೆಯ ಇಸವಿ ಅಕ್ಟೋಬರ್ ೮ರಂದು ಸ್ಥಾಪಿತವಾಯಿತೆಂಬುದೂ, ೧೯೩೩ನೆಯ ಏಪ್ರಿಲ್ ೧ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಡನೆ ಅದರ ಮೊದಲನೆಯ ದಳವು ಮೈದಳೆಯಿತೆಂಬುದೂ ಅನೇಕ ಗ್ರಂಥಗಳಲ್ಲಿ ಉಕ್ತವಾಗಿರುವ ಸಂಗತಿಗಳು. ಇಂತಹ ಗ್ರಂಥಗಳಲ್ಲಿ ವಿಮಾನಗಳ ಹೆಸರುಗಳಿರುತ್ತವೆ, ಚಾಲಕರ ಸಾಹಸಗಳಿರುತ್ತವೆ, ಯುದ್ಧಗಳ ತಿಥಿವಾರಗಳಿರುತ್ತವೆ. ಆದರೆ ಆ ವಿಮಾನಗಳು ಯಾವ ನೆಲದಿಂದ ಏರಿ ಯಾವ ನೆಲಕ್ಕೆ ಇಳಿಯುತ್ತವೆಯೋ ಆ ನೆಲವು ಅದಕ್ಕೆ ಮೊದಲು ಏನಾಗಿದ್ದಿತು, ಅದನ್ನು ಕಾದುಕೊಂಡಿದ್ದವರು ಯಾರು, ಅದು ಬಯಲಾಗಿಯೇ ಉಳಿದುಬಂದುದು ಹೇಗೆ ಎಂಬ ಪ್ರಶ್ನೆಗಳು ಅಲ್ಲಿ ಅಪರೂಪ. ಹಾರುವುದೆಲ್ಲವೂ ಒಂದಲ್ಲ ಒಂದು ನೆಲವನ್ನು ಬೇಡುವುದರಿಂದ, ವೈಮಾನಿಕ ಸೇನೆಗಳ ಇತಿಹಾಸದಲ್ಲಿ ಮೊದಲನೆಯ ಅಧ್ಯಾಯವು ಭೂಮಿಯದಾಗಿರುವುದು ಯುಕ್ತ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ದಕ್ಷಿಣ ಪಾರ್ಶ್ವದಲ್ಲಿ, ಹಳೆಯ ಮೈಸೂರಿನ ಗಡಿಯನ್ನು ದಾಟಿದೊಡನೆ, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ನೆರೆಯಲ್ಲಿ ವರವು ಕಾವಲೆಂಬ ಹುಲ್ಲುಗಾವಲಿದೆ. ಅಲ್ಲಿ ೨೦೧೭ನೆಯ ಮೇ ೨೮ರಂದು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾಕ್ಷೇತ್ರವು ವಿಧ್ಯುಕ್ತವಾಗಿ ಉದ್ಘಾಟಿತವಾಯಿತು. ಈ ಕ್ಷೇತ್ರವನ್ನು ಹೊಸದೆಂದು ತಿಳಿಯುವುದು ಸಹಜ. ವಿಮಾನಪಥವು ಹೊಸದು, ಸೇನಾಭೂಮಿಯಾದರೋ ಹಳೆಯದು. ಆ ಹಳೆಯ ಸೇನಾಭೂಮಿಗೂ ಈ ಹೊಸ ಸೇನಾಭೂಮಿಗೂ ಇರುವ ಸಾಮ್ಯವನ್ನೂ, ಸಾಮ್ಯಕ್ಕಿಂತ ಹೆಚ್ಚು ವಿಚಾರಣೀಯವಾದ ಭೇದವನ್ನೂ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಬ್ದವಿಚಾರ. ‘ಕಾ’, ‘ಕಾಯ್’ ಎಂಬ ಕನ್ನಡ ಧಾತುವಿಗೆ ರಕ್ಷಿಸು ಎಂಬರ್ಥವೂ ದನಗಳನ್ನು ಮೇಯಿಸು ಎಂಬರ್ಥವೂ ಒಟ್ಟಿಗೇ ಉಂಟು. ಕೋಟೆಯ ಬಾಗಿಲಲ್ಲಿ ನಿಂತವನ ಕೆಲಸವೂ ಕಾವಲೇ. ದನ ಮೇಯುವ ಬಯಲೂ ಕಾವಲೇ. ತುರುಗಳನ್ನು ಕಾಯುವವನು ತುರುಗಾಹಿ. ಊರನ್ನು ಕಾಯುವವನು ಕಾವಲುಗಾರ. ಇದು ಕನ್ನಡಕ್ಕೆ ಮಾತ್ರ ವಿಶಿಷ್ಟವಾದ ಮಾತಲ್ಲ. ಸಂಸ್ಕೃತದಲ್ಲಿ ‘ಗೋಪ’ನೆಂದರೆ ದನಗಾಹಿ, ಅವನೇ ಅರ್ಥವಿಸ್ತಾರದಿಂದ ರಕ್ಷಕನೂ, ರಾಜನೂ ಆಗುತ್ತಾನೆ. ರಕ್ಷಣಾರ್ಥದಲ್ಲಿ ವೈಯಾಕರಣರು ಪಠಿಸುವ ‘ಗುಪ್’ ಧಾತುವೇ ಈ ಗೋಪ ಶಬ್ದದಿಂದ ನಿಷ್ಪನ್ನವಾಯಿತೆಂಬುದು ಆಧುನಿಕ ಭಾಷಾಶಾಸ್ತ್ರಜ್ಞರ ಮತ. ಋಗ್ವೇದದ ‘ಗವಿಷ್ಟಿ’ ಎಂಬ ಪದಕ್ಕೆ ಅಕ್ಷರಾರ್ಥವು ಗೋವುಗಳನ್ನು ಬಯಸುವಿಕೆಯೆಂದು, ರೂಢಾರ್ಥವು ಯುದ್ಧವೆಂದು. ವಿರಾಟನಗರದ ಗೋಗ್ರಹಣವನ್ನೂ ಕನ್ನಡನಾಡಿನಾದ್ಯಂತ ನಿಂತಿರುವ ತುರುಗೋಳಿನ ವೀರಗಲ್ಲುಗಳನ್ನೂ ಇಲ್ಲಿ ಸ್ಮರಿಸಬಹುದು. ಹುಲ್ಲು, ಗೋವು, ಸೇನೆ ಈ ಮೂರರ ಸಂಬಂಧವು ನಮ್ಮ ಭಾಷೆಗಳಲ್ಲಿಯೇ ಹುದುಗಿಕೊಂಡಿದೆ. ಚರಿತ್ರೆಯು ಅದನ್ನು ಪುಷ್ಟೀಕರಿಸುತ್ತದೆ.

೩

ಮೈಸೂರು ಅರಸರಲ್ಲಿ ಚಿಕ್ಕದೇವರಾಜ ಒಡೆಯರು (೧೬೭೨–೧೭೦೪) ತಮ್ಮ ಪೂರ್ವಿಕರಿಂದ ಬಂದಿದ್ದ ಗೋಸಮೂಹಗಳನ್ನು ವೃದ್ಧಿಪಡಿಸಿ, ಅವುಗಳ ಆಡಳಿತಕ್ಕೆ ‘ಬೆಣ್ಣೆ ಚಾವಡಿ’ ಎಂಬ ಪ್ರತ್ಯೇಕ ಇಲಾಖೆಯನ್ನು ನಿಯಮಿಸಿ, ರಾಜ್ಯದ ನಾನಾ ಭಾಗಗಳಲ್ಲಿ ಅವುಗಳ ಮೇವಿಗಾಗಿ ಕಾವಲುಗಳನ್ನು ಬಿಡಿಸಿಕೊಟ್ಟರು. ಹೆಸರು ಬೆಣ್ಣೆಯದಾದರೂ ಪ್ರಯೋಜನವು ಅರಮನೆಯ ಹಾಲುಮೊಸರಿಗೆ ಸೀಮಿತವಾಗಿ ಉಳಿಯಲಿಲ್ಲ. ಹೈದರಾಲಿಯು ಈ ತಳಿಯ ಎತ್ತುಗಳನ್ನು ಫಿರಂಗಿಗಳನ್ನೆಳೆಯುವುದಕ್ಕೂ ಸೇನಾಸಾಮಗ್ರಿಗಳನ್ನು ಸಾಗಿಸುವುದಕ್ಕೂ ನಿಯೋಗಿಸಿದನು. ಟೀಪು ಸುಲ್ತಾನನು ಇಲಾಖೆಗೆ ‘ಅಮೃತಮಹಲ್’ ಎಂದು ನಾಮಾಂತರ ಮಾಡಿ, ಅದರ ನಿರ್ವಾಹಕ್ಕಾಗಿ ಹುಕುಂನಾಮೆಯನ್ನು ಹೊರಡಿಸಿದನು.

ಈ ಎತ್ತುಗಳ ವೇಗವೇ ಮೈಸೂರು ಸೈನ್ಯದ ವೇಗವಾಗಿದ್ದಿತು. ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದುಹೋದುದು ಇವುಗಳ ಬಲದಿಂದಲೇ ಎಂದು ಮೈಸೂರು ಗೆಜೆಟಿಯರುಗಳು ಹೇಳುತ್ತವೆ. ಸೋಲೊದಗಿದಾಗಲೂ ಶತ್ರುವಿನ ಕೈಗೆ ಸಿಕ್ಕದಂತೆ ಫಿರಂಗಿಗಳನ್ನು ಎಳೆದೊಯ್ಯುವ ಸಾಮರ್ಥ್ಯವು ಅವುಗಳಿಗಿದ್ದಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿಯು ಮರಾಠರ ಮೇಲೆ ನಡೆಯಿಸಿದ ೧೮೦೩ರ ದಂಡಯಾತ್ರೆಯಲ್ಲಿ ಇವೇ ಎತ್ತುಗಳನ್ನು ಬಳಸಿ ಮುಕ್ತಕಂಠದಿಂದ ಶ್ಲಾಘಿಸಿದನು. ೧೮೧೩ರಲ್ಲಿ ಮದರಾಸು ಸೈನ್ಯದ ಸರಬರಾಯಿ ಇಲಾಖೆಯು ಈ ಸಂಸ್ಥೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ೧೮೬೦ರಲ್ಲಿ ಮಿತವ್ಯಯದ ನೆಪದಿಂದ ಅದನ್ನು ವಿಸರ್ಜಿಸಲಾಯಿತು. ಸೈನ್ಯಕ್ಕೆ ಯೋಗ್ಯವಾದ ಎತ್ತುಗಳು ದುರ್ಲಭವಾದುದರಿಂದ ಕೆಲವೇ ವರ್ಷಗಳಲ್ಲಿ ಅದನ್ನು ಪುನಃ ಸ್ಥಾಪಿಸಬೇಕಾಯಿತು. ೧೮೮೨ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಹಿಂದಿರುಗಿತು.

ಕಾವಲುಗಳ ವ್ಯವಸ್ಥೆಯಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವು ಮೂರು ವಿಧವಾಗಿದ್ದು, ಹಿಂಡುಗಳು ಋತುಮಾನಕ್ಕನುಸಾರವಾಗಿ ಒಂದರಿಂದೊಂದಕ್ಕೆ ಸಂಚರಿಸುತ್ತಿದ್ದವು. ಯಾವ ನೆಲದಲ್ಲಿ ಯಾವ ತಿಂಗಳು ಹುಲ್ಲಿರುತ್ತದೆ, ಯಾವ ಹಳ್ಳದಲ್ಲಿ ಮಾಘದವರೆಗೆ ನೀರು ನಿಲ್ಲುತ್ತದೆ ಎಂಬ ಜ್ಞಾನವು ದನಗಾಹಿಯಲ್ಲಿದ್ದಿತು. ಸೇನೆಯು ಆ ಜ್ಞಾನವನ್ನು ಅವಲಂಬಿಸಿದ್ದಿತು. ಹೀಗೆಂದ ಮಾತ್ರಕ್ಕೆ ಕಾವಲು ಊರವರ ಸ್ವಂತ ಆಸ್ತಿಯಾಗಿತ್ತೆಂದು ಭ್ರಮಿಸಬಾರದು. ಅದು ರಾಜನ ಹಿಂಡಿಗೆ ಮೀಸಲಾದ ನೆಲ. ಊರಿನ ಗೋಮಾಳವು ಬೇರೆ, ಸರ್ಕಾರಿ ಕಾವಲು ಬೇರೆ. ಆದರೂ ಅರಸನ ಸೈನ್ಯಕ್ಕೆ ಹುಲ್ಲು ಬೇಕಾಗಿದ್ದುದರಿಂದ ಹುಲ್ಲು ಉಳಿಯಿತು. ಎತ್ತು ಬೇಕಾಗಿದ್ದುದರಿಂದ ದನಗಾಹಿ ಉಳಿದನು. ನೇಗಿಲು ಸೋಕದೆ, ಮನೆಮಠಗಳು ಏಳದೆ, ಸಾವಿರಾರು ಎಕರೆಗಳ ಬಯಲು ನಮ್ಮ ಕಾಲದವರೆಗೆ ಬಯಲಾಗಿಯೇ ನಿಂತುದಕ್ಕೆ ಇದೇ ಕಾರಣ.

೪

ಈಗ ಐದು ತಾಲ್ಲೂಕುಗಳ ಕಡೆಗೆ ತಿರುಗೋಣ. ೧೮೦೦ನೆಯ ಇಸವಿಯಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪೆನಿ ಸರ್ಕಾರಕ್ಕೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಅಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದನು. ಅಂದಿನಿಂದ ೧೯೫೩ನೆಯ ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರು ರಾಜ್ಯದಲ್ಲಿ ಸೇರುವವರೆಗೆ, ಕೂಡ್ಲಿಗಿ ಮತ್ತು ಹರಪನಹಳ್ಳಿಗಳು ಮದರಾಸಿಗೂ, ಚಳ್ಳಕೆರೆ ಮತ್ತು ಮೊಳಕಾಲ್ಮೂರುಗಳು ಮೈಸೂರಿಗೂ ಸೇರಿದ್ದವು. ಅಮೃತಮಹಲಿನ ಕಾವಲುಗಳು ಗಡಿಯ ಆಚೆ ಉಳಿದವು. ಈಚೆ ಮನ್ರೋವಿನ ರೈತವಾರಿ ಪದ್ಧತಿಯು ನೆಲೆಗೊಂಡಿತು. ೨೦೨೧ರಲ್ಲಿ ಈ ಐದು ತಾಲ್ಲೂಕುಗಳೂ ನೂತನ ವಿಜಯನಗರ ಜಿಲ್ಲೆಗೆ ಸೇರಿದವು. ಚಳ್ಳಕೆರೆಯು ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇದೆ.

ಕಾಗದದ ಮೇಲಿನ ಈ ಗೆರೆಯನ್ನು ಜನರ ಜೀವನವು ಎಂದೂ ಪೂರ್ಣವಾಗಿ ಅಂಗೀಕರಿಸಲಿಲ್ಲ. ಪಂಚಗಣಾಧೀಶರ ಐತಿಹ್ಯದಲ್ಲಿ ಕೊಟ್ಟೂರಿನ ಕೊಟ್ಟೂರೇಶ್ವರನೂ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯೂ ಒಂದೇ ಬಳಗದವರು. ಮ್ಯಾಸಬೇಡರ ನೆಲೆಗಳು ಚಳ್ಳಕೆರೆ, ಮೊಳಕಾಲ್ಮೂರು, ಕೂಡ್ಲಿಗಿ ಈ ಮೂರೂ ಕಡೆಗಳಲ್ಲಿ ಹಬ್ಬಿವೆ. ಅವರ ವೀರಪುರುಷನಾದ ಗಾದ್ರಿಪಾಲನಾಯಕನು ಗೋಪಾಲಕನೆಂದೇ ಪ್ರಸಿದ್ಧನು. ಅವರಲ್ಲಿ ‘ದೇವರ ಎತ್ತು’ಗಳೆಂಬ ಹಿಂಡುಗಳಿದ್ದು, ಉಳುಮೆಗೂ ಮಾರಾಟಕ್ಕೂ ಬಾರದ ಆ ಪಶುಗಳನ್ನು ‘ಕಿಲಾರಿ’ಯೆನಿಸಿದವನು ನಿಷ್ಠೆಯಿಂದ ಕಾಯುತ್ತಾನೆ. ಅರಸನ ಹಿಂಡಿಗೆ ಬೆಣ್ಣೆ ಚಾವಡಿಯಿದ್ದಂತೆ ದೇವರ ಹಿಂಡಿಗೆ ಈ ಕಿಲಾರಿ. ಇತ್ತ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭಾರತ ಹುಣ್ಣಿಮೆಯ ಜಾತ್ರೆಯ ಸಮಯದಲ್ಲಿ, ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ಆಕಾಶವನ್ನು ನಿಟ್ಟಿಸಿ ಕಾರ್ಣಿಕವನ್ನು ನುಡಿಯುತ್ತಾನೆ. ಕೇಳಲು ನೆರೆಯುವವರಲ್ಲಿ ಕುರಿಗಾಹಿಗಳೂ ರೈತರೂ ಅಸಂಖ್ಯಾತರು. ಮಳೆ ಬೆಳೆಗಳಿಗಾಗಿ ಆಕಾಶವನ್ನು ನೋಡುವ ಜನರ ನಾಡು ಇದು.

ಮಳೆ ಸ್ವಲ್ಪ, ಮರ ವಿರಳ, ಮೋಡ ಕಡಮೆ, ಊರಿಂದೂರಿಗೆ ದೂರ ಹೆಚ್ಚು: ಇವು ಈ ಸೀಮೆಯ ರೈತನಿಗೆ ದುಃಖಕಾರಣಗಳು. ಇವೇ ಲಕ್ಷಣಗಳು ವಿಮಾನಪರೀಕ್ಷೆಗೆ ಗುಣಗಳಾಗಿ ಪರಿಣಮಿಸಿದುವೆಂಬುದು ಚರಿತ್ರೆಯ ವಿಚಿತ್ರಗತಿ.

೫

ಕನ್ನಡನಾಡಿಗೆ ಸೈನಿಕವಿಮಾನಗಳು ವಿಪುಲವಾಗಿ ಬಂದುದು ಎರಡನೆಯ ಮಹಾಯುದ್ಧದಲ್ಲಿ. ಮೈಸೂರು ಸರ್ಕಾರದ ಸಹಭಾಗಿತ್ವದಿಂದ ವಾಲ್‌ಚಂದ್ ಹೀರಾಚಂದರು ೧೯೪೦ನೆಯ ಡಿಸೆಂಬರ್ ೨೩ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೪೨ರಲ್ಲಿ ಭಾರತ ಸರ್ಕಾರವು ವಾಲ್‌ಚಂದರ ಭಾಗವನ್ನು ಕೊಂಡುಕೊಂಡಿತು. ೧೯೪೩ರಲ್ಲಿ ಕಾರ್ಖಾನೆಯು ಅಮೆರಿಕದ ಸೈನಿಕ ವಿಮಾನದಳದ ವಶಕ್ಕೆ ಬಂದು, ಯುದ್ಧಾಂತ್ಯದವರೆಗೆ ವಿಮಾನಗಳ ದುರಸ್ತಿಯ ಕೇಂದ್ರವಾಯಿತು. ಯಲಹಂಕ, ಬೀದರ, ಬೆಳಗಾವಿಯ ಸಾಂಬ್ರ ಮೊದಲಾದೆಡೆಗಳಲ್ಲಿ ವಿಮಾನನೆಲೆಗಳು ಸಿದ್ಧವಾದದ್ದೂ ಆ ಕಾಲದಲ್ಲಿಯೇ. ಅನಂತರ ಯಲಹಂಕ ಮತ್ತು ಬೀದರಗಳು ೧೯೬೩ರಿಂದ ಭಾರತೀಯ ವಾಯುಸೇನೆಯ ಶಿಕ್ಷಣಕೇಂದ್ರಗಳಾಗಿ ನೆಲೆಗೊಂಡವು.

ದಖ್ಖಣದ ಒಳನಾಡಿಗೆ ಆಗ ಬಂದ ಮಹತ್ವವನ್ನು ತಿಳಿಯಬೇಕಾದರೆ ಸಮುದ್ರದಾಚೆಯ ಲಂಕೆಯನ್ನು ನೋಡಬೇಕು. ೧೯೪೨ನೆಯ ಏಪ್ರಿಲ್ ೫ರಂದು ಜಪಾನಿನ ನೌಕಾವಿಮಾನಗಳು ಕೊಲಂಬೊ ನಗರದ ಮೇಲೂ, ೯ರಂದು ತ್ರಿಕೋನಮಲೆಯ ಮೇಲೂ ದಾಳಿಮಾಡಿದವು. ಏಪ್ರಿಲ್ ೬ರಂದು ನಮ್ಮದೇ ಪೂರ್ವತೀರದ ವಿಶಾಖಪಟ್ಟಣ ಕಾಕಿನಾಡಗಳ ಮೇಲೂ ಬಾಂಬುಗಳು ಬಿದ್ದವು. ಲಂಕಾದ್ವೀಪದಲ್ಲಿ ರತ್ಮಲಾನ, ತ್ರಿಕೋನಮಲೆಯ ಬಳಿಯ ಚೈನಾ ಬೇ, ದಕ್ಷಿಣತೀರದ ಕೊಗ್ಗಲ ಎಂಬ ನೆಲೆಗಳು ಬ್ರಿಟಿಷ್ ವಾಯುಸೇನೆಯ ಆಧಾರಗಳಾಗಿದ್ದವು. ಶತ್ರುನೌಕಾಸಮೂಹವನ್ನು ಏಪ್ರಿಲ್ ೪ರಂದು ಮೊದಲು ಕಂಡು ಸುದ್ದಿ ಕಳುಹಿದ ಕೆಟಲೀನಾ ವಿಮಾನವು ಕೊಗ್ಗಲದ ಸರೋವರದಿಂದ ಏರಿದುದು. ದ್ವೀಪವು ಸ್ವತಂತ್ರವಾದ ಮೇಲೆ, ೧೯೫೧ರ ಮಾರ್ಚ್ ೨ರಂದು ರಾಯಲ್ ಸಿಲೋನ್ ವಾಯುಸೇನೆಯು ಸ್ಥಾಪಿತವಾಯಿತು. ೧೯೫೭ರಲ್ಲಿ ಬ್ರಿಟಿಷರು ನೆಗೊಂಬೊ ಮತ್ತು ಚೈನಾ ಬೇ ನೆಲೆಗಳನ್ನು ಬಿಟ್ಟುಕೊಟ್ಟರು. ೧೯೭೨ರಲ್ಲಿ ಆ ಸೇನೆಗೆ ಶ್ರೀಲಂಕಾ ವಾಯುಸೇನೆಯೆಂಬ ಹೆಸರಾಯಿತು.

ಈ ದ್ವೀಪಚರಿತ್ರೆಯಲ್ಲಿ ನಮಗೆ ಪ್ರಕೃತವಾದುದು ಕೊಗ್ಗಲ ಗ್ರಾಮದ ಕಥೆ. ವಿಮಾನನೆಲೆಗಾಗಿ ಆ ಗ್ರಾಮವನ್ನು ತೆರವುಮಾಡಿಸಲಾಯಿತು. ಸಿಂಹಳ ಭಾಷೆಯ ಶ್ರೇಷ್ಠ ಕಾದಂಬರಿಕಾರರಾದ ಮಾರ್ಟಿನ್ ವಿಕ್ರಮಸಿಂಘೆ ಹುಟ್ಟಿದ ಊರು ಅದು. ಅವರ ಹಳೆಯ ಮನೆ ಉಳಿದುಕೊಂಡಿತು. ಇಂದು ಆ ಮನೆಯೂ ಅದರ ಆವರಣದ ವಸ್ತುಸಂಗ್ರಹಾಲಯವೂ ಗ್ರಾಮಜೀವನದ ಸ್ಮಾರಕಗಳಾಗಿವೆ. ಕೊಗ್ಗಲಕ್ಕೆ ಒಬ್ಬ ಲೇಖಕನು ಇದ್ದುದರಿಂದ ಅದರ ಪೂರ್ವಜೀವನವು ಗ್ರಂಥಸ್ಥವಾಯಿತು. ನಮ್ಮಲ್ಲಿಯೂ ತುಂಗಭದ್ರಾ ಜಲಾಶಯದಲ್ಲಿ ನಾರಾಯಣದೇವರಕೆರೆಯು ಮುಳುಗಿದಾಗ, ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದವರ ನೆನಪಿನಲ್ಲಿ ಆ ಊರು ಇನ್ನೂ ಬದುಕಿದೆ. ಊರು ಹೋದರೆ ಹೇಳಲು ಊರವರಿರುತ್ತಾರೆ. ಮನೆಗಳೇ ಇಲ್ಲದ ಕಾವಲು ಹೋದರೆ ಹೇಳುವವರು ಯಾರು? ದನಗಾಹಿಯ ನೆನಪು ಬರೆಹಕ್ಕೆ ಬರುವುದು ದುರ್ಲಭ. ಇದೇ ನಮ್ಮ ವಿಷಯದ ಮರ್ಮಸ್ಥಾನ.

೬

೨೦೦೭ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಭೂಮಿಯು ನಾನಾ ಸಂಸ್ಥೆಗಳಿಗೆ ಮಂಜೂರಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ ೪,೨೯೦ ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ ೧,೫೦೦ ಎಕರೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಮೊದಲಾದವುಗಳಿಗೆ ಉಳಿದ ಭಾಗಗಳು. ಗೋಡೆಗಳು ಎದ್ದವು, ದನಕುರಿಗಳ ಹಾದಿಗಳು ಮುಚ್ಚಿದವು. ಗ್ರಾಮಸ್ಥರು ಪ್ರತಿಭಟಿಸಿದರು. ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯ ಚೆನ್ನೈ ಪೀಠದ ಮುಂದೆ ಬಂದು, ೨೦೧೪ರ ಆಗಸ್ಟಿನಲ್ಲಿ, ನಿಬಂಧನೆಗಳಿಗೊಳಪಟ್ಟು ಯೋಜನೆಗಳು ಮುಂದುವರಿಯಬಹುದೆಂಬ ತೀರ್ಪು ಹೊರಬಿದ್ದಿತು.

ಪರೀಕ್ಷಾಕ್ಷೇತ್ರದ ಕಾರ್ಯಗಳು ಅಲ್ಪವಾದುವಲ್ಲ. ಉದ್ಘಾಟನೆಗೆ ಮೊದಲೇ, ೨೦೧೬ನೆಯ ನವೆಂಬರಿನಲ್ಲಿ, ರುಸ್ತುಂ–೨ ಎಂಬ ಚಾಲಕರಹಿತ ವಿಮಾನವು ಇಲ್ಲಿಂದ ಮೊದಲು ಹಾರಿತು. ೨೦೨೨ನೆಯ ಜುಲೈ ೧ರಂದು ಬಾಲವಿಲ್ಲದ, ರೆಕ್ಕೆಯೇ ಮೈಯಾದ ಮತ್ತೊಂದು ಸ್ವಯಂಚಾಲಿತ ವಿಮಾನದ ಮೊದಲ ಹಾರಾಟವು ನಡೆಯಿತು. ಸಿದ್ಧಿಗಳಂತೆ ವಿಘ್ನಗಳೂ ಉಂಟು: ೨೦೧೯ನೆಯ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿಯಲ್ಲಿಯೂ, ೨೦೨೩ನೆಯ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿಯಲ್ಲಿಯೂ ಪರೀಕ್ಷಾವಿಮಾನಗಳು ನೆಲಕ್ಕೆ ಬಿದ್ದವು. ಇಂತಹ ಪರೀಕ್ಷೆಗಳಿಗೆ ನಿರ್ಜನವಾದ ಬಯಲು ಏಕೆ ಬೇಕೆಂಬುದನ್ನು ಈ ಪತನಗಳೇ ತಿಳಿಸುತ್ತವೆ.

೨೦೨೩ನೆಯ ಏಪ್ರಿಲ್ ೨ರಂದು ವಾಯುಸೇನೆಯ ಚಿನೂಕ್ ಹೆಲಿಕಾಪ್ಟರು ಬಾಹ್ಯಾಕಾಶ ಸಂಸ್ಥೆಯ ಪುನರ್ಬಳಕೆಯ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಡಲಾಗಿ, ಅದು ಚಾಲಕನಿಲ್ಲದೆ ತಾನಾಗಿ ಈ ವಿಮಾನಪಥಕ್ಕೆ ಬಂದಿಳಿಯಿತು. ೨೦೨೪ನೆಯ ಮಾರ್ಚ್ ೨೨ ಮತ್ತು ಜೂನ್ ೨೩ರಂದು ಪ್ರಯೋಗವು ಮತ್ತೆರಡು ಬಾರಿ ಸಫಲವಾಯಿತು. ಆ ವಾಹನಕ್ಕೆ ಇಟ್ಟ ಹೆಸರು ‘ಪುಷ್ಪಕ’. ಕನ್ನಡನಾಡಿನಲ್ಲಿ ಇದೇ ಹೆಸರಿನ ವಿಮಾನವು ಹಿಂದೆಯೂ ಹಾರಿದ್ದಿತು. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯು ನಿರ್ಮಿಸಿದ ಪುಷ್ಪಕವೆಂಬ ಲಘುವಿಮಾನವು ೧೯೫೮ರಲ್ಲಿ ಮೊದಲು ಆಕಾಶಕ್ಕೇರಿತು.

ಹೆಸರಿನ ಮೋಹದಿಂದ ಕಾವ್ಯವನ್ನು ಚರಿತ್ರೆಯಾಗಿಸುವ ಪ್ರಮಾದವನ್ನು ಪಂಡಿತರು ಮಾಡಬಾರದು. ‘ವೈಮಾನಿಕಶಾಸ್ತ್ರ’ವೆಂಬ ಗ್ರಂಥವನ್ನು ೧೯೭೪ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ ರಚನೆಯೆಂದೂ ಅದರಲ್ಲಿ ವರ್ಣಿತವಾದ ಯಂತ್ರಗಳು ಹಾರಲಾರವೆಂದೂ ನಿರ್ಣಯಿಸಿದ್ದಾರೆ. ಆದರೆ ಕಾವ್ಯದ ಪುಷ್ಪಕದಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಅದನ್ನು ಗ್ರಹಿಸಲು ಯಂತ್ರಶಾಸ್ತ್ರ ಬೇಕಿಲ್ಲ. ಅದು ಕುಬೇರನದು, ರಾವಣನು ಅದನ್ನು ಬಲಾತ್ಕಾರದಿಂದ ಅಪಹರಿಸಿ ಲಂಕೆಗೆ ತಂದನು. ಯುದ್ಧಾನಂತರ ಶ್ರೀರಾಮನು ಅದರಲ್ಲಿ ಅಯೋಧ್ಯೆಗೆ ಹೊರಟಾಗ, ನಡುದಾರಿಯಲ್ಲಿ ಕಿಷ್ಕಿಂಧೆಯ ಬಳಿ, ತಾರೆಯೇ ಮೊದಲಾದ ವಾನರಸ್ತ್ರೀಯರನ್ನೂ ಕರೆದೊಯ್ಯಬೇಕೆಂದು ಸೀತೆಯು ಬೇಡಿದಳು, ವಿಮಾನವು ನಿಂತಿತು, ಅವರೆಲ್ಲರಿಗೂ ಅದರಲ್ಲಿ ಸ್ಥಳವಾಯಿತು. ಕಿಷ್ಕಿಂಧೆಯನ್ನು ಸಂಪ್ರದಾಯವು ಗುರುತಿಸುವುದು ಹಂಪೆಯ ಪರಿಸರದಲ್ಲಿ, ನಮ್ಮ ತಾಲ್ಲೂಕುಗಳ ನೆರೆಯಲ್ಲಿಯೇ. ಅಯೋಧ್ಯೆಯನ್ನು ಸೇರಿದ ಮೇಲೆ ರಾಮನು ವಿಮಾನವನ್ನು ಅದರ ಒಡೆಯನಿಗೆ ಹಿಂದಿರುಗಿಸಿದನು. ಹಾದಿಯಲ್ಲಿರುವ ಜನರನ್ನು ಕಂಡು ನಿಲ್ಲುವುದು, ತನ್ನದಲ್ಲದುದನ್ನು ಹಿಂದಕ್ಕೆ ಕೊಡುವುದು, ಇವೆರಡೂ ಆ ಕಥೆಯ ಭಾಗಗಳು. ಹೆಸರನ್ನು ತೆಗೆದುಕೊಂಡವರು ಕಥೆಯನ್ನೂ ನೆನೆಯುವುದು ಉಚಿತ.

೭

ಸಾಮ್ಯವನ್ನು ಹೇಳಿದ್ದಾಯಿತು. ಇನ್ನು ಭೇದ. ಬೆಣ್ಣೆ ಚಾವಡಿಯ ಕಾಲದಲ್ಲಿ ಸೇನೆಗೆ ಬೇಕಾದ ಬಲವು ಕಾವಲಿನ ಹುಲ್ಲಿನಿಂದಲೇ ಹುಟ್ಟುತ್ತಿದ್ದಿತು. ಹುಲ್ಲು ಕೆಟ್ಟರೆ ಎತ್ತು ಕೆಡುತ್ತಿತ್ತು. ಎತ್ತು ಕೆಟ್ಟರೆ ಫಿರಂಗಿ ನಿಲ್ಲುತ್ತಿತ್ತು. ಅರಸನು ಎಷ್ಟೇ ನಿಷ್ಠುರನಾಗಿದ್ದರೂ ದನಗಾಹಿಯನ್ನು ಕಾವಲಿನಿಂದ ಹೊರಗಟ್ಟಲಾರದೆ ಇದ್ದನು. ಇಂದಿನ ವಿಮಾನಕ್ಕೆ ಬೇಕಾದುದು ನೆಲದ ಸಮತೆ ಮತ್ತು ಆಕಾಶದ ಶೂನ್ಯತೆ. ಹುಲ್ಲಿನಿಂದ ಅದಕ್ಕೆ ಪ್ರಯೋಜನವಿಲ್ಲ; ದನಗಾಹಿಯಿಂದ ಅದಕ್ಕೆ ವಿಘ್ನವೇ. ಆದಕಾರಣ ಮೊದಲನೆಯ ಸೇನೆಯು ತನ್ನ ಸ್ವಾರ್ಥದಿಂದಲೇ ಉಳಿಸಿದುದನ್ನು ಎರಡನೆಯ ಸೇನೆಯು ಬುದ್ಧಿಪೂರ್ವಕವಾಗಿ, ನಿಯಮಪೂರ್ವಕವಾಗಿ ಉಳಿಸಬೇಕಾಗಿದೆ. ಸ್ವಾರ್ಥವು ಇಲ್ಲಿ ಆ ಕೆಲಸವನ್ನು ಮಾಡಲಾರದು. ದೇಶರಕ್ಷಣೆಗೆ ಪರೀಕ್ಷಾಕ್ಷೇತ್ರವು ಬೇಕೆಂಬುದನ್ನು ಅಲ್ಲಗಳೆಯುವುದು ಈ ಲೇಖನದ ಅಭಿಪ್ರಾಯವಲ್ಲ. ರಕ್ಷಣೆಯೆಂಬ ಶಬ್ದದಲ್ಲಿಯೇ ಗೋಪನು ಅಡಗಿದ್ದಾನೆಂಬುದನ್ನು ಮರೆಯದಿರಲೆಂಬುದಷ್ಟೇ ಅಭಿಪ್ರಾಯ.

ಈ ಪತ್ರಿಕೆಯ ವಾಚಕರಾದ ವಿದ್ವಾಂಸರಿಗೂ ಅಧ್ಯಾಪಕರಿಗೂ ಇಲ್ಲಿ ಮಾಡತಕ್ಕ ಕಾರ್ಯವಿದೆ. ಕಾವಲುಗಳ ಹೆಸರುಗಳು, ಅವುಗಳೊಳಗಣ ಹಳ್ಳ, ಕಟ್ಟೆ, ದಿಣ್ಣೆ, ದನದ ಹಾದಿಗಳ ಹೆಸರುಗಳು, ಹುಲ್ಲಿನ ಜಾತಿಗಳಿಗೆ ದನಗಾಹಿಗಳು ಕೊಟ್ಟಿರುವ ಹೆಸರುಗಳು, ದೇವರ ಎತ್ತುಗಳ ಹಿಂಡುಗಳ ವಂಶಾವಳಿಗಳು, ಕಿಲಾರಿಗಳ ಕಟ್ಟುಪಾಡುಗಳು: ಇವು ಯಾವ ನಿಘಂಟಿನಲ್ಲಿಯೂ ಸಮಗ್ರವಾಗಿ ಸೇರಿಲ್ಲ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಶಾಲೆ ಕಾಲೇಜುಗಳಲ್ಲಿ ಕಲಿಯುತ್ತಿರುವ ಮಕ್ಕಳಲ್ಲಿ ದನಗಾಹಿ, ಕುರಿಗಾಹಿ ಮನೆತನದವರು ಅನೇಕರಿದ್ದಾರೆ. ಒಬ್ಬೊಬ್ಬ ಅಧ್ಯಾಪಕನು ಒಂದೊಂದು ಹಟ್ಟಿಯ ಹಿರಿಯರಿಂದ ಈ ಶಬ್ದಗಳನ್ನು ಬರೆಯಿಸಿಕೊಂಡರೆ, ಕೊಗ್ಗಲಕ್ಕೆ ಒಬ್ಬ ವಿಕ್ರಮಸಿಂಘೆ ಮಾಡಿದುದನ್ನು ನಾವು ಹಲವರು ಕೂಡಿ ಮಾಡಿದಂತಾಗುತ್ತದೆ. ಗೋಡೆಯೊಳಗಿನ ನೆಲವನ್ನು ಅಳೆಯುವ ಅಧಿಕಾರವು ನಮಗಿಲ್ಲ. ಗೋಡೆಯ ಹೊರಗೆ ಇನ್ನೂ ಬದುಕಿರುವ ಮಾತುಗಳನ್ನು ಕೂಡಿಡುವ ಅಧಿಕಾರವುಂಟು. ಆ ಹಿರಿಯರು ಇರುವಾಗಲೇ ಅದು ಆಗಬೇಕು.